ಹೂವೆಣ್ಣೆಯ ಗೃಹವಿಧಾನ: ಪಾಕ ಮತ್ತು ವಾಸನ

ಕನ್ನಡದ ‘ಎಣ್ಣೆ’ ಎಂಬ ಶಬ್ದದೊಳಗೇ ಎಳ್ಳು ಅಡಗಿದೆ. ‘ಎಳ್’ ಮತ್ತು ‘ನೆಯ್’ ಎಂಬ ಎರಡು ದ್ರಾವಿಡ ಪದಗಳು ಕೂಡಿ ಈ ಶಬ್ದ ಸಿದ್ಧವಾಯಿತೆಂಬುದು ಭಾಷಾವಿಜ್ಞಾನಿಗಳ ನಿರ್ಣಯ. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ನಿಷ್ಪನ್ನವಾದುದು. ಮುಂದೆ ಕೊಬ್ಬರಿ, ಹರಳು, ಹೊಂಗೆ, ಕಡಲೆಕಾಯಿಗಳಿಂದ ತೆಗೆದ ಜಿಡ್ಡಿಗೂ ಇದೇ ಹೆಸರು ಸಂದಿತು. ಹೂವೆಣ್ಣೆಯ ಚರಿತ್ರೆಯನ್ನು ಅರಿಯಲು ಹೊರಟವರಿಗೆ ಇದು ಕೇವಲ ನಿಷ್ಪತ್ತಿಯ ಕುತೂಹಲವಲ್ಲ. ಹೂವಿನ ಪರಿಮಳವನ್ನು ಜಿಡ್ಡಿನಲ್ಲಿ ಹಿಡಿದಿಡುವ ಹಳೆಯ ವಿಧಾನದಲ್ಲಿ ಪರಿಮಳ ಸೇರುತ್ತಿದ್ದುದು ಎಣ್ಣೆಗಲ್ಲ, ಎಳ್ಳಿಗೆ. ಎಣ್ಣೆ ಹುಟ್ಟುವ ಮೊದಲೇ ಅದರ ಗಂಧ ನಿಶ್ಚಿತವಾಗಿರುತ್ತಿತ್ತು.

ಇಂದು ಮನೆಗಳಲ್ಲಿ ಹೂವೆಣ್ಣೆ ಮಾಡುವುದೆಂದರೆ ಸಾಮಾನ್ಯವಾಗಿ ತಿಳಿಯುವ ಕ್ರಮ ಬೇರೆ. ಬಾಣಲೆಯಲ್ಲಿ ಕೊಬ್ಬರಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಇಟ್ಟು, ಅದಕ್ಕೆ ದಾಸವಾಳ, ಮಲ್ಲಿಗೆ, ಗುಲಾಬಿ ಎಸಳುಗಳನ್ನು ಹಾಕಿ, ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ, ಶೋಧಿಸಿ, ಭರಣಿಗೆ ತುಂಬುವುದು. ಹೀಗೆ ಮಾಡಿದ ಮಲ್ಲಿಗೆ ಎಣ್ಣೆಯಲ್ಲಿ ಮಲ್ಲಿಗೆಯ ವಾಸನೆ ಉಳಿಯುವುದಿಲ್ಲವೆಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಹೂವು ಸಾಲಲಿಲ್ಲವೆಂದು ಕೆಲವರೂ, ಹಳೆಯ ತಳಿಯ ಹೂವಿನ ಸತ್ತ್ವ ಈಗಿನದಕ್ಕಿಲ್ಲವೆಂದು ಮತ್ತೆ ಕೆಲವರೂ ಕಾರಣ ಹೇಳುವುದುಂಟು. ತಪ್ಪು ಹೂವಿನದಲ್ಲ. ಒಂದೇ ಹೆಸರಿನಡಿಯಲ್ಲಿ ಎರಡು ಬೇರೆ ಬೇರೆ ವಿದ್ಯೆಗಳು ಬೆರೆತುಹೋಗಿವೆ. ಔಷಧಿಯ ಗುಣವನ್ನು ಎಣ್ಣೆಗೆ ಇಳಿಸುವ ಪಾಕವಿದ್ಯೆ ಒಂದು. ಪರಿಮಳವನ್ನು ಎಣ್ಣೆಗೆ ಊಡುವ ವಾಸನವಿದ್ಯೆ ಇನ್ನೊಂದು. ಮೊದಲನೆಯದು ಉಳಿಯಿತು, ಎರಡನೆಯದು ಮನೆಯಿಂದ ಮರೆಯಾಯಿತು. ಮರೆಯಾದುದರ ಕೆಲಸವನ್ನೂ ಉಳಿದುದರಿಂದಲೇ ಮಾಡಿಸಲು ಹೋದುದರಿಂದ ಈ ದೂರು ಹುಟ್ಟಿದೆ.

ಶಾಸ್ತ್ರಗ್ರಂಥಗಳು ಈ ಎರಡನ್ನೂ ಬೆರಸಲಿಲ್ಲ. ಗಂಗಾಧರನ ‘ಗಂಧಸಾರ’ವು ಗಂಧದ್ರವ್ಯಗಳ ಸಂಸ್ಕಾರವನ್ನು ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನ ಎಂದು ಆರು ಬಗೆಯಾಗಿ ವಿಂಗಡಿಸುತ್ತದೆ. ಪಾಚನವೆಂದರೆ ಬೇಯಿಸುವುದು, ವಾಸನವೆಂದರೆ ಹೂವಿನ ಸಹವಾಸದಿಂದ ಗಂಧವನ್ನು ಸೇರಿಸುವುದು. ಪಟ್ಟಿಯಲ್ಲಿ ಒಂದು ಎರಡನೆಯದು, ಇನ್ನೊಂದು ಕೊನೆಯದು. (ಇಂದಿನ ಆಡುಮಾತಿನಲ್ಲಿ ‘ವಾಸನೆ’ ಎಂಬುದು ದುರ್ಗಂಧಕ್ಕೇ ಹೆಚ್ಚಾಗಿ ಸಲ್ಲುವಂತಾಗಿರುವುದು ಈ ಶಬ್ದದ ದುರದೃಷ್ಟ.) ಇದಕ್ಕೂ ಬಹಳ ಹಿಂದೆ, ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಅಧ್ಯಾಯದಲ್ಲಿ ಸಂಪಿಗೆಯ ಕಂಪುಳ್ಳ ತಲೆಯೆಣ್ಣೆಯ ವಿಧಿಯೊಂದನ್ನು ಕೊಟ್ಟಿದ್ದಾನೆ. ಅದರಲ್ಲಿ ಮಂಜಿಷ್ಠ, ವ್ಯಾಘ್ರನಖ, ಕೋಷ್ಠ ಮೊದಲಾದವುಗಳ ಚೂರ್ಣವಿದೆ, ಎಣ್ಣೆಯಿದೆ, ಸೂರ್ಯನ ಬಿಸಿಲಿನಲ್ಲಿ ಕಾಯಿಸಬೇಕೆಂಬ ಸೂಚನೆಯಿದೆ. ಸಂಪಿಗೆಯ ಹೂವು ಮಾತ್ರ ಇಲ್ಲ! ಹೂವಿಲ್ಲದೆ ಹೂವಿನ ಕಂಪನ್ನು ಅನುಕರಿಸುವ ಕಲೆ ರಸಾಯನ ಕಾರ್ಖಾನೆಗಳೊಡನೆ ಬಂದುದೆಂದು ಭಾವಿಸುವವರು ಈ ವಿಧಿಯನ್ನು ಗಮನಿಸಬೇಕು. ಒಲೆಯನ್ನು ಬಿಟ್ಟು ಬಿಸಿಲನ್ನು ಆಯ್ದುಕೊಂಡಿರುವುದೂ ಅಷ್ಟೇ ಗಮನಾರ್ಹ.

ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಎರಡು ಗ್ರಂಥಗಳು ಇಲ್ಲಿ ಉಲ್ಲೇಖನೀಯ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಕೃಷಿ, ವೃಕ್ಷಾಯುರ್ವೇದ, ವಾಸ್ತು, ಅಡುಗೆ, ವೈದ್ಯಗಳ ಜೊತೆಯಲ್ಲಿ ಗಂಧಯುಕ್ತಿಗೂ ಎಡೆ ಕೊಟ್ಟಿದೆ. ಸುಗಂಧದ್ರವ್ಯದ ತಯಾರಿಕೆಯು ಲೋಕದ ಜನರಿಗೆ ಉಪಕಾರವಾಗಬಲ್ಲ ತಿಳಿವಳಿಕೆಗಳಲ್ಲಿ ಒಂದೆಂದು ಹನ್ನೊಂದನೆಯ ಶತಮಾನದ ಕನ್ನಡ ಕವಿಯೊಬ್ಬನು ಎಣಿಸಿದನೆಂಬುದು ಇದರಿಂದ ಸ್ಪಷ್ಟ. ಅದೇ ವಂಶದ ಮೂರನೆಯ ಸೋಮೇಶ್ವರನು (1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಸ್ನಾನಭೋಗ ಪ್ರಕರಣದಲ್ಲಿ ಅಭ್ಯಂಗದ ಎಣ್ಣೆಯ ಪ್ರಸ್ತಾಪವಿದೆ. ಕೇದಗೆ, ಪುನ್ನಾಗ, ಸಂಪಿಗೆ ಮುಂತಾದ ಹೂಗಳಿಂದ ಎಳ್ಳನ್ನು ವಾಸನೆಗೊಳಿಸಿ, ಬಳಿಕ ಯಂತ್ರದಲ್ಲಿ ಹಿಂಡಿ ತೆಗೆದ ತೈಲವನ್ನು ಅದು ಹೇಳುತ್ತದೆ. ಅರಸನ ಸ್ನಾನಗೃಹದ ವಿಧಿಯನ್ನು ಜನಸಾಮಾನ್ಯರ ಮನೆಗೆ ನೇರವಾಗಿ ಅನ್ವಯಿಸಲಾಗದು, ನಿಜ. ಆದರೆ ಈ ವಿಧಿಗೆ ಬೇಕಾದ ಸಾಮಗ್ರಿಯಲ್ಲಿ ಅರಸೊತ್ತಿಗೆಯದೆಂದು ಹೇಳುವಂಥದು ಯಾವುದೂ ಇಲ್ಲ. ಎಳ್ಳು, ಹಿತ್ತಿಲ ಹೂವು, ಒಗೆದ ಬಟ್ಟೆ, ಊರಿನ ಗಾಣ ಇವಿಷ್ಟೇ ಸಾಕು.

ಪಾಕವಿದ್ಯೆಯ ಕ್ರಮವು ಆಯುರ್ವೇದದಲ್ಲಿ ಸ್ನೇಹಪಾಕವೆಂದು ಪ್ರಸಿದ್ಧವಾಗಿದೆ. ಶಾರ್ಙ್ಗಧರ ಸಂಹಿತೆಯ ಸಾಮಾನ್ಯ ನಿಯಮದಂತೆ ಅರೆದ ಕಲ್ಕ ಒಂದು ಪಾಲು, ಎಣ್ಣೆ ಅಥವಾ ತುಪ್ಪ ನಾಲ್ಕು ಪಾಲು, ಕಷಾಯಾದಿ ದ್ರವ ಹದಿನಾರು ಪಾಲು. ನೀರೆಲ್ಲ ಆರುವವರೆಗೆ ಮಂದವಾದ ಉರಿಯಲ್ಲಿ ಕಾಯಿಸಬೇಕು. ಕಲ್ಕವನ್ನು ಬೆರಳಿನಿಂದ ಹೊಸೆದರೆ ಬತ್ತಿಯಾಗಬೇಕು, ಬೆಂಕಿಗೆ ಹಾಕಿದರೆ ಸದ್ದು ಮಾಡಬಾರದು. ಎಣ್ಣೆಯಲ್ಲಿ ನೊರೆ ಕಾಣಿಸಿಕೊಳ್ಳಬೇಕು. ಮೃದು, ಮಧ್ಯ, ಖರ ಎಂಬ ಪಾಕಭೇದಗಳೂ ಉಂಟು. ದಾಸವಾಳ, ಗರುಗ, ಒಂದೆಲಗಗಳ ತಲೆಯೆಣ್ಣೆಯನ್ನು ಕಾಯಿಸುವ ಮನೆಗಳಲ್ಲಿ ಚಟಪಟ ಸದ್ದು ನಿಲ್ಲುವುದನ್ನು ಕಾಯುವ ರೂಢಿ ಇದೇ ಪರೀಕ್ಷೆಯ ಗೃಹರೂಪ. ಈ ಎಣ್ಣೆಗಳಲ್ಲಿ ಬೇಕಾದುದು ಕಂಪಲ್ಲ. ಆದ್ದರಿಂದ ಕಂಪು ಹೋದುದನ್ನು ಯಾರೂ ಲೆಕ್ಕಿಸುವುದಿಲ್ಲ. ಕರ್ಪೂರಾದಿ ಸುಗಂಧದ್ರವ್ಯ ಸೇರಬೇಕಾದ ತೈಲಗಳಲ್ಲಿ ವೈದ್ಯರು ಅವುಗಳನ್ನು ಕುದಿಯುವ ಪಾತ್ರೆಗೆ ಹಾಕದೆ, ಶೋಧಿಸಿದ ಎಣ್ಣೆಯನ್ನು ಹಿಡಿಯುವ ಪಾತ್ರೆಯಲ್ಲಿಯೇ ಇಟ್ಟುಕೊಳ್ಳುತ್ತಾರೆ. ಇದನ್ನು ಪಾತ್ರಪಾಕವೆನ್ನುತ್ತಾರೆ. ಬೆಂಕಿಗೂ ಗಂಧಕ್ಕೂ ಆಗದೆಂಬ ಅರಿವು ಪಾಕವಿದ್ಯೆಯ ಒಳಗೂ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಯಿಸಿದ ಮಲ್ಲಿಗೆಯ ಕಂಪು ಹೋಗುವುದೆಲ್ಲಿಗೆ? ಇದರ ಉತ್ತರ ಅಡುಗೆಮನೆಯಲ್ಲಿಯೇ ದೊರೆಯುತ್ತದೆ. ಹಸಿ ಹೂವಿನ ಬಹುಪಾಲು ನೀರು. ಬಿಸಿ ಎಣ್ಣೆಗೆ ಬಿದ್ದೊಡನೆ ಆ ನೀರು ಆವಿಯಾಗಿ ಮೇಲೇಳುತ್ತದೆ. ಹೂವಿನ ಆವಿಶೀಲ ಗಂಧಾಂಶಗಳನ್ನೂ ಅದು ತನ್ನೊಡನೆ ಹೊತ್ತೊಯ್ಯುತ್ತದೆ. ಅತ್ತರು ಬಟ್ಟಿ ಇಳಿಸುವವರು ಇದೇ ಆವಿಯನ್ನು ತಣಿಸಿ ಪಾತ್ರೆಯಲ್ಲಿ ಹಿಡಿಯುತ್ತಾರೆ. ಬಾಯಿ ತೆರೆದ ಬಾಣಲೆಯಲ್ಲಿ ಅದನ್ನು ಹಿಡಿಯುವವರಿಲ್ಲ. ಹೂವೆಣ್ಣೆ ಕಾಯಿಸುವಾಗ ಮನೆಯೆಲ್ಲ ಘಮ್ಮೆಂದಿತೆಂದು ಸಂತೋಷಪಡುವುದುಂಟಷ್ಟೆ. ಎಣ್ಣೆಯಲ್ಲಿ ಉಳಿಯಬೇಕಾಗಿದ್ದುದೇ ಆ ಘಮಲು. ಅದು ಹೊರಟುಹೋದ ಮೇಲೆ ಭರಣಿಗೆ ಬರುವುದು ಕರಿದ ಎಸಳಿನ ಮಂದವಾದ ವಾಸನೆ ಮಾತ್ರ.

ಮಲ್ಲಿಗೆಯ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಕೊಯ್ದ ಮೇಲೆಯೂ ಮಲ್ಲಿಗೆಯ ಜೀವವ್ಯಾಪಾರ ನಿಲ್ಲುವುದಿಲ್ಲ. ಮುಂಜಾನೆ ಬಿಡಿಸಿದ ಮೊಗ್ಗು ಸಂಜೆಯ ಹೊತ್ತಿಗೆ ಬಿರಿಯತೊಡಗಿ, ರಾತ್ರಿಯೆಲ್ಲ ಕಂಪನ್ನು ಹೊರಸೂಸುತ್ತದೆ. ಬೆಳಗಿನ ಮೊಗ್ಗಿನಲ್ಲಿ ಈ ಕಂಪು ಸಿದ್ಧವಾಗಿ ಕುಳಿತಿರುವುದಿಲ್ಲ. ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಮೊದಲಾಗಿ ಗುರುತಿಸಲಾಗಿರುವ ಗಂಧಾಂಶಗಳಲ್ಲಿ ಬಹುಭಾಗ ಹೂವು ಅರಳುವ ಹೊತ್ತಿನಲ್ಲಿ ರೂಪುಗೊಂಡು ಹೊರಬೀಳುತ್ತದೆ. ಆದ್ದರಿಂದ ಮೊಗ್ಗನ್ನು ಬೇಯಿಸುವುದೆಂದರೆ ಕಂಪು ಹುಟ್ಟುವ ಮೊದಲೇ ಹೂವನ್ನು ಕೊಂದಂತೆ. ಮಲ್ಲಿಗೆಯಿಂದ ಪರಿಮಳವನ್ನು ಪಡೆಯಬೇಕಾದರೆ ಹೂವನ್ನು ಒಂದು ರಾತ್ರಿಯ ಮಟ್ಟಿಗಾದರೂ ಜೀವದಿಂದಿಟ್ಟು, ಅದು ಬಿಡುವ ಉಸಿರನ್ನು ಹೀರಿಕೊಳ್ಳುವ ಜಿಡ್ಡೊಂದನ್ನು ಮಗ್ಗುಲಲ್ಲಿ ಇರಿಸಬೇಕು. ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಗಾಜಿನ ಹಲಗೆಗಳ ಮೇಲೆ ಪ್ರಾಣಿಗಳ ಕೊಬ್ಬನ್ನು ಸವರಿ, ಅದರ ಮೇಲೆ ಮಲ್ಲಿಗೆ ಮತ್ತು ಸುಗಂಧರಾಜ ಹೂಗಳನ್ನು ಹರಡುತ್ತಿದ್ದುದು ಈ ತತ್ತ್ವದಿಂದಲೇ. ಇಪ್ಪತ್ತನೆಯ ಶತಮಾನದಲ್ಲಿ ದ್ರಾವಕಗಳಿಂದ ಗಂಧಸಾರವನ್ನು ತೆಗೆಯುವ ಕ್ರಮ ಬಂದು ಆ ಪದ್ಧತಿ ಹಿಂದೆ ಸರಿಯಿತು. ಭಾರತದಲ್ಲಿ ಕೊಬ್ಬಿನ ಸ್ಥಾನದಲ್ಲಿದ್ದುದು ಎಳ್ಳು. ಉತ್ತರಪ್ರದೇಶದ ಜೌನ್‌ಪುರ, ಗಾಜೀಪುರ, ಕನೌಜ್‌ಗಳ ಹೂವೆಣ್ಣೆ ಇದೇ ಬಗೆಯಿಂದ ಹೆಸರಾಯಿತು. ಹಿಂದಿಯಲ್ಲಿ ಅದಕ್ಕೆ ಫುಲೇಲ್ ಎಂದು ಹೆಸರು.

ವಿಧಾನವು ನೋಡಲು ಸರಳ, ಮಾಡಲು ತಾಳ್ಮೆಯದು. ಎಳ್ಳನ್ನು ನೆನೆಸಿ, ತಿಕ್ಕಿ, ಸಿಪ್ಪೆ ತೆಗೆದು, ತೊಳೆದು, ಚೆನ್ನಾಗಿ ಒಣಗಿಸಬೇಕು. ಸಿಪ್ಪೆಯಿದ್ದರೆ ಬೀಜವು ಗಂಧವನ್ನು ಸರಿಯಾಗಿ ಹೀರದು. ತೇವವಿದ್ದರೆ ಮುಗ್ಗಲು ಹಿಡಿಯುತ್ತದೆ. ಗಾಳಿಯಾಡದ ತಂಪಾದ ಕೋಣೆಯಲ್ಲಿ ಬಟ್ಟೆಯನ್ನು ಹಾಸಿ, ಅದರ ಮೇಲೆ ತೆಳುವಾಗಿ ಎಳ್ಳು, ಎಳ್ಳಿನ ಮೇಲೆ ಹೂವು, ಮತ್ತೆ ಎಳ್ಳು, ಮತ್ತೆ ಹೂವು ಎಂದು ಪದರ ಪದರವಾಗಿ ಹರಡಿ, ಮೇಲೊಂದು ಬಟ್ಟೆ ಮುಚ್ಚುತ್ತಾರೆ. ಹೂವಿಗೆ ಇಬ್ಬನಿಯ ಅಥವಾ ಚಿಮುಕಿಸಿದ ನೀರಿನ ಹನಿ ಇರಬಾರದು. ಮಾರುವವರು ಬಾಡದಿರಲೆಂದು ನೀರು ಚಿಮುಕಿಸುವುದರಿಂದ ಪೇಟೆಯ ಹೂವಿಗಿಂತ ಹಿತ್ತಿಲ ಹೂವು ಈ ಕೆಲಸಕ್ಕೆ ಮೇಲು. ಮೊಗ್ಗನ್ನು ಸಂಜೆ, ಇನ್ನೇನು ಬಿರಿಯಬೇಕೆನ್ನುವಾಗ ಹರಡುವುದು ಕ್ರಮ. ಬೆಳಿಗ್ಗೆ ಜರಡಿ ಹಿಡಿದು ಬಾಡಿದ ಹೂವನ್ನು ಬೇರ್ಪಡಿಸಿ, ಎಳ್ಳನ್ನು ನೆರಳಿನಲ್ಲಿ ಆರಿಸಿ, ಸಂಜೆ ಮತ್ತೆ ಹೊಸ ಹೂವನ್ನು ಹಾಕಬೇಕು. ಹೂವು ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಎಳ್ಳಿನಲ್ಲಿ ಉಳಿದರೆ ಕೊಳೆತ ವಾಸನೆಯನ್ನೂ ಎಳ್ಳು ಅಷ್ಟೇ ನಿಷ್ಠೆಯಿಂದ ಹೀರಿಕೊಳ್ಳುತ್ತದೆ! ಹೀಗೆ ಐದಾರು ಬಾರಿಯಿಂದ ತೊಡಗಿ, ಕಂಪು ಗಾಢವಾಗಿ ಬೇಕಿದ್ದರೆ ಹತ್ತು ಹದಿನೈದು ಬಾರಿಯವರೆಗೂ ಹೂವನ್ನು ಬದಲಾಯಿಸುವುದುಂಟು. ಜರಡಿಯಲ್ಲಿ ಉಳಿದ ಹೂವು ಪೂರ್ಣ ನಿಸ್ಸಾರವಾಗಿರುವುದಿಲ್ಲವಾದ್ದರಿಂದ, ಅದನ್ನು ಬೇರೆ ಎಳ್ಳಿಗೆ ಹಾಕಿ ಎರಡನೆಯ ದರ್ಜೆಯ ಎಣ್ಣೆಗೆ ಬಳಸುವ ರೂಢಿಯೂ ಫುಲೇಲ್ ತಯಾರಕರಲ್ಲಿದೆ.

ಎಣ್ಣೆಯಲ್ಲಿಯೇ ನೇರವಾಗಿ ಹೂವನ್ನು ನೆನೆಹಾಕದೆ ಬೀಜವನ್ನು ಏಕೆ ಆರಿಸಿದರೆಂಬ ಪ್ರಶ್ನೆ ಸಹಜ. ಎಣ್ಣೆಯಲ್ಲಿ ಮುಳುಗಿದ ಹೂವಿಗೆ ಉಸಿರಿಲ್ಲ. ಅದು ಬೇಗ ಸತ್ತು, ಕಂದಾಗಿ, ಒಳಗಿನ ನೀರನ್ನು ಎಣ್ಣೆಗೆ ಬಿಡುತ್ತದೆ. ಆ ನೀರೇ ಎಣ್ಣೆ ಹಳಸಲು ಕಾರಣವಾಗುತ್ತದೆ. ಎಳ್ಳಿನ ಕಾಳುಗಳ ನಡುವೆಯಾದರೋ ಗಾಳಿಯಿದೆ, ಹೂವು ಅರಳಲು ಎಡೆಯಿದೆ. ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಎಣ್ಣೆಯಿರುವ ಪ್ರತಿಯೊಂದು ಕಾಳೂ ಕಂಪನ್ನು ಹೀರುವ ಪುಟ್ಟ ಭರಣಿಯಂತೆ ವರ್ತಿಸುತ್ತದೆ. ಜೊತೆಗೆ, ಎಳ್ಳೆಣ್ಣೆಯಲ್ಲಿರುವ ಸೆಸಮೋಲಿನ್, ಸೆಸಮಾಲ್‌ಗಳಂಥ ಅಂಶಗಳು ಎಣ್ಣೆ ಕಮಟಾಗುವುದನ್ನು ತಡೆಯುತ್ತವೆ. ಗಂಧವನ್ನು ಬಹುಕಾಲ ಕಾಪಾಡಬೇಕಾದ ಎಣ್ಣೆಗೆ ಇದಕ್ಕಿಂತ ದೊಡ್ಡ ಗುಣ ಬೇರಿಲ್ಲ.

ಇಲ್ಲಿಯವರೆಗಿನ ಕೆಲಸ ಮನೆಯದು, ಬಹುಮಟ್ಟಿಗೆ ಹೆಂಗಸರದು. ಮುಂದಿನದು ಗಾಣಿಗನದು. ಕನ್ನಡ ಶಾಸನಗಳಲ್ಲಿ ಗಾಣಿಗನ ಚರಿತ್ರೆ ಸಾಕಷ್ಟು ದಾಖಲಾಗಿದೆ. ಗಾಣದೆರೆಯ ಉಲ್ಲೇಖಗಳು, ದೇವಾಲಯದ ನಂದಾದೀವಿಗೆಗೆ ಗಾಣದಿಂದ ಬಿಟ್ಟ ಎಣ್ಣೆಯ ದತ್ತಿಗಳು, ತೆಲ್ಲಿಗರ ಐವತ್ತೊಕ್ಕಲಿನಂಥ ವೃತ್ತಿಸಂಘಗಳು ಸಂಶೋಧಕರಿಗೆ ಪರಿಚಿತವೇ. ಎಳ್ಳಿಗೆ ಹೂವು ಹಾಕಿದ ಕೈಗಳ ಬಗ್ಗೆ ಶಾಸನಗಳು ಮೌನವಾಗಿವೆ. ತೆರಿಗೆ ಹಾಕಬಹುದಾದುದು ಮತ್ತು ದತ್ತಿಯಾಗಿ ಬಿಡಬಹುದಾದುದು ಶಾಸನಕ್ಕೆ ಏರುತ್ತದೆ. ಒಂದು ಮನೆಯ ಕೋಣೆಯಲ್ಲಿ ಹದಿನೈದು ರಾತ್ರಿ ನಡೆದುದು ಏರುವುದಿಲ್ಲ. ಆದ್ದರಿಂದ ಒಂದೇ ಕ್ರಿಯೆಯ ಅರ್ಧಕ್ಕೆ ಲಿಖಿತ ಆಧಾರವಿದ್ದು, ಇನ್ನರ್ಧವು ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯನ್ನೇ ನಂಬಿ ನಿಂತಿದೆ.

ಎತ್ತು ಎಳೆಯುವ ಮರದ ಗಾಣ ನಿಧಾನವಾಗಿ ತಿರುಗುವುದರಿಂದ ಬೀಜವು ಅತಿಯಾಗಿ ಕಾಯುವುದಿಲ್ಲ. ಎಣ್ಣೆ ಬಿಡಿಸಿಕೊಳ್ಳಲು ಎಳ್ಳಿನ ಮೇಲೆ ತುಸು ನೀರು ಚಿಮುಕಿಸುವುದು ವಾಡಿಕೆ. ಗಾಣದ ಒರಳಿಗೆ ಹಿಂದಿನ ಎಣ್ಣೆಯ ಜಿಡ್ಡು ಅಂಟಿರುವುದರಿಂದ, ಹೂವಿನ ಎಳ್ಳನ್ನು ಹಾಕುವ ಮೊದಲು ಒರಳನ್ನು ಶುದ್ಧಮಾಡದಿದ್ದರೆ ಇಷ್ಟು ದಿನದ ಶ್ರಮವೆಲ್ಲ ಹರಳೆಣ್ಣೆಯ ಅಥವಾ ಹೊಂಗೆಯೆಣ್ಣೆಯ ನಾತಕ್ಕೆ ಬಲಿಯಾಗುತ್ತದೆ. ಗಾಣವು ಬೊಗಸೆ ಎಳ್ಳಿಗೆ ತಿರುಗುವುದೂ ಇಲ್ಲ. ಒರಳು ತುಂಬುವಷ್ಟು ಬೇಕು. ಹೀಗೆ, ಮನೆಯ ಹೂವೆಣ್ಣೆಯು ಗಾಣಿಗನ ಸಹಕಾರ ಮತ್ತು ಆತನ ಗಾಣದ ಶುದ್ಧಿಯನ್ನು ಅವಲಂಬಿಸಿತ್ತು. ಕೂಲಿಯ ಬದಲು ಹಿಂಡಿಯನ್ನೋ ಎಣ್ಣೆಯ ಪಾಲನ್ನೋ ಕೊಡುವ ಪದ್ಧತಿಯಿದ್ದ ಊರುಗಳಲ್ಲಿ ಇದು ಹಣದ ವ್ಯವಹಾರಕ್ಕಿಂತ ಒಕ್ಕಲುಗಳ ನಡುವಣ ಹೊಂದಾಣಿಕೆಯೇ ಆಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಎಕ್ಸ್‌ಪೆಲ್ಲರ್ ಯಂತ್ರದ ಎಣ್ಣೆ ಗಿರಣಿಗಳು ಬಂದು ಗಾಣಗಳು ಒಂದೊಂದಾಗಿ ನಿಂತವು. ಆ ಯಂತ್ರದ ತಿರುಪಿನ ಒತ್ತಡಕ್ಕೆ ಬೀಜ ವಿಪರೀತ ಕಾಯುತ್ತದೆ. ಗಿರಣಿಯವರು ಒಂದು ಮನೆಯ ಮೂರು ಸೇರು ಎಳ್ಳಿಗಾಗಿ ಯಂತ್ರವನ್ನು ತೊಳೆಯುವುದೂ ಇಲ್ಲ. ಗಾಣ ಹೋದಾಗ ಹೋದುದು ಗಾಣಿಗನ ಕಸುಬು ಮಾತ್ರವೆಂದು ಸಾಮಾನ್ಯವಾಗಿ ಬರೆಯಲಾಗುತ್ತದೆ. ಆ ಕಸುಬಿಗೆ ಜೋಡಿಸಿಕೊಂಡಿದ್ದ ಮನೆಯೊಳಗಿನ ಒಂದು ವಿದ್ಯೆಯೂ ಅದರೊಡನೆ ಕಾಲುಕಳೆದುಕೊಂಡಿತು. ಎಳ್ಳಿಗೆ ಹೂವು ಹಾಕಿದರೂ ಅದನ್ನು ಹಿಂಡುವವರಿಲ್ಲದಾಗ, ಅಂಗಡಿಯಿಂದ ತಂದ ಎಣ್ಣೆಗೆ ಹೂವು ಹಾಕಿ ಒಲೆಯ ಮೇಲಿಡುವುದೊಂದೇ ಉಳಿದ ದಾರಿ. ಪಾಕವಿದ್ಯೆಯು ವಾಸನವಿದ್ಯೆಯ ಜಾಗವನ್ನು ಆಕ್ರಮಿಸಿದುದಕ್ಕೆ ಇದು ಮುಖ್ಯ ಕಾರಣವೆಂದು ತೋರುತ್ತದೆ.

ಎಲ್ಲ ಹೂಗಳಿಗೂ ಒಂದೇ ನ್ಯಾಯವಲ್ಲ. ಕರಾವಳಿ ಮತ್ತು ಮಲೆನಾಡಿನ ಸುರಗಿ ಹಾಗೂ ರಂಜೆ ಹೂಗಳು ಒಣಗಿದ ಮೇಲೆಯೂ ಬಹುಕಾಲ ಕಂಪನ್ನು ಉಳಿಸಿಕೊಳ್ಳುತ್ತವೆ. ಒಣಗಿದ ಸುರಗಿಯ ದಂಡೆಯನ್ನು ಬಟ್ಟೆಯ ಪೆಟ್ಟಿಗೆಯಲ್ಲಿಡುವವರಿಗೆ ಇದು ಗೊತ್ತು. ನೀರಿನಂಶ ಹೋಗಿರುವುದರಿಂದ ಇವುಗಳನ್ನು ನೇರವಾಗಿ ಕೊಬ್ಬರಿ ಎಣ್ಣೆಯ ಭರಣಿಗೆ ಹಾಕಿ ಎಳೆಬಿಸಿಲಿನಲ್ಲಿ ಇರಿಸಬಹುದು, ಗಾಣದ ಹಂಗಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಮಲೆನಾಡಿನ ಚಳಿಗಾಲದಲ್ಲಿ ಬಿಸಿಲು ಅನಿವಾರ್ಯವೇ. ಸಂಪಿಗೆಯ ಕಂಪು ಪ್ರಬಲವಾದುದು, ಕೆಲವೇ ಹೂವು ಸಾಕು. ಹೆಚ್ಚಾದರೆ ತಲೆನೋವು ತರುವಷ್ಟು ಗಾಢವಾಗುತ್ತದೆ. ಕೇದಗೆಯಲ್ಲಿ ಕಂಪಿರುವುದು ಗಂಡುಹೂವಿನ ಗೊನೆಯನ್ನು ಸುತ್ತಿದ ಬಿಳಿಯ ಎಸಳುಗಳಲ್ಲಿ. ಗುಲಾಬಿಯು ಆವಿಗೆ ಅಂಜದ ಹೂವು. ಆದರೆ ಅದರ ಗಂಧದ ಒಂದು ಮುಖ್ಯಾಂಶವು ನೀರಿನಲ್ಲಿ ಕರಗುವಂಥದಾದ್ದರಿಂದ ಎಣ್ಣೆಗಿಂತ ಪನ್ನೀರೇ ಅದಕ್ಕೆ ಒಪ್ಪುತ್ತದೆ. ಇಂದು ಎಲ್ಲೆಡೆ ಬೆಳೆಯುವ ಸುಗಂಧರಾಜವು ಮೆಕ್ಸಿಕೋ ಮೂಲದ ಗಿಡ. ಚಾಳುಕ್ಯರ ಕಾಲದ ಗ್ರಂಥಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಕರ್ನಾಟಕದ ಸುಗಂಧೋದ್ಯಮ ಹಿಡಿದ ದಾರಿಯನ್ನೂ ಈ ಹಿನ್ನೆಲೆಯಲ್ಲಿ ನೋಡಬಹುದು. ಮೈಸೂರು ಸಂಸ್ಥಾನದಲ್ಲಿ 1916–17ರ ವೇಳೆಗೆ ಶ್ರೀಗಂಧದ ಎಣ್ಣೆಯ ಸರ್ಕಾರಿ ಕಾರ್ಖಾನೆಗಳು ಆರಂಭವಾದವು. ಶ್ರೀಗಂಧದ ಚೆಕ್ಕೆ ದಿನಗಟ್ಟಲೆ ಆವಿಯನ್ನು ಸಹಿಸಬಲ್ಲುದು, ವರ್ಷಗಟ್ಟಲೆ ಉಗ್ರಾಣದಲ್ಲಿ ಕಾಯಬಲ್ಲುದು. ಮಲ್ಲಿಗೆಗೆ ಆ ಎರಡು ಗುಣಗಳೂ ಇಲ್ಲ. ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದ್ದರೂ ಅವು ಇಂದಿಗೂ ಮುಖ್ಯವಾಗಿ ಮುಡಿಯುವ ಹೂಗಳೇ. ಶಂಕರಪುರದ ಮಾರುಕಟ್ಟೆಯಲ್ಲಿ ಎಣ್ಣೂರು ಹೂವಿನ ಚೆಂಡು, ನಾಲ್ಕು ಚೆಂಡಿನ ಅಟ್ಟೆ ಎಂಬ ಲೆಕ್ಕದಲ್ಲಿ ಮಾರಾಟವಾಗುವ ಹೂವಿನ ಬೆಲೆ ಹಬ್ಬ ಮದುವೆಗಳ ಕಾಲದಲ್ಲಿ ಏರಿ, ಉಳಿದ ಕಾಲದಲ್ಲಿ ಕುಸಿಯುತ್ತದೆ. ಬೆಲೆ ಕುಸಿದ ದಿನದ ಹೂವಿಗೆ ಎಳ್ಳಿನ ಹಾಸಿಗೆಯಷ್ಟು ಅಗ್ಗವಾದ ಉಗ್ರಾಣ ಇನ್ನೊಂದಿಲ್ಲ. ಅತ್ತ, ಮಲ್ಲಿಗೆಯ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ತಲೆಯೆಣ್ಣೆಗಳ ಸೀಸೆಯ ಮೇಲಿನ ಚೀಟಿಯನ್ನು ಓದಿದರೆ ಅನೇಕ ವೇಳೆ ಕಾಣುವುದು ಖನಿಜತೈಲ ಮತ್ತು ಕೃತಕ ಸುಗಂಧ. ಅಲ್ಲಿ ಎಳ್ಳೂ ಇಲ್ಲ, ಹೂವೂ ಇಲ್ಲ.

ಕಳೆದ ಎರಡು ದಶಕಗಳಲ್ಲಿ ಮರದ ಗಾಣಗಳು ವಿದ್ಯುತ್ತಿನ ಬಲದಿಂದ ಪಟ್ಟಣಗಳಲ್ಲಿಯೂ ಮತ್ತೆ ತಿರುಗತೊಡಗಿವೆ. ಗಿರಾಕಿಗಳು ತಂದ ಕಾಳನ್ನು ಅವರ ಕಣ್ಣೆದುರಿಗೇ ಹಿಂಡಿಕೊಡುವವರೂ ಇದ್ದಾರೆ. ಹಳೆಯ ಕ್ರಮದ ಕಡಿದುಹೋದ ಅರ್ಧ ಹೀಗೆ ಅನಿರೀಕ್ಷಿತವಾಗಿ ಕೈಗೆಟಕುವಂತಾಗಿದೆ. ಉಳಿದ ಅರ್ಧವನ್ನು ಬಲ್ಲವರು ಈಗ ಮುಪ್ಪಿನಲ್ಲಿದ್ದಾರೆ. ಕ್ಷೇತ್ರಕಾರ್ಯಕ್ಕೆ ಹೋಗುವವರು ಅವರನ್ನು ‘ಹೂವೆಣ್ಣೆಯನ್ನು ಹೇಗೆ ಕಾಯಿಸುತ್ತಿದ್ದಿರಿ’ ಎಂದು ಕೇಳಿದರೆ ದೊರೆಯುವುದು ದಾಸವಾಳದೆಣ್ಣೆಯ ಪಾಕವೇ. ಪ್ರಶ್ನೆಯೇ ಉತ್ತರವನ್ನು ಒಲೆಯ ಬಳಿಗೆ ಕರೆದೊಯ್ದಿರುತ್ತದೆ. ಎಳ್ಳನ್ನು ಹೇಗೆ ತೊಳೆಯುತ್ತಿದ್ದರು, ಯಾವ ಹೊತ್ತಿನ ಮೊಗ್ಗನ್ನು ಬಿಡಿಸುತ್ತಿದ್ದರು, ಎಷ್ಟು ರಾತ್ರಿ ಹೂವು ಬದಲಿಸುತ್ತಿದ್ದರು, ಗಾಣದ ಒರಳನ್ನು ಏನು ಹಾಕಿ ತೊಳೆಸುತ್ತಿದ್ದರು, ಕಂಪು ಹತ್ತಿದ ಹಿಂಡಿಯನ್ನು ದನ ಮುಟ್ಟುತ್ತಿತ್ತೇ ಇಲ್ಲವೇ ಎಂದು ಕೇಳತಕ್ಕದ್ದು.